ಹನುಮಮ್ಮನ ಫಾರಂ, ನನ್ನ ಮನವಿ

ಮಾದಿಹಳ್ಳಿ,
೧೪ ಸೆಪ್ಟೆಂಬರ್ ೨೦೦೩, ಭಾನುವಾರ

ಪ್ರೀತಿಯ ರಾಘೂ,

ಕ್ಷೇಮವೇ? ಅರಸೀಕೆರೆಯ ಧೂಳಿಗೆ ನಿನ್ನ ಕೆಮ್ಮು ಹೆಚ್ಚಾಗಿದೆಯಂತೆ, ಬಿಸಿನೀರು ಕುಡಿ. ಸುದ್ದಿ ತಂದವರು ನಿನ್ನ ತಾಯಿ ಯದುಗಿರಿಯಮ್ಮನವರು. ನೀನೂ ನಾನೂ ಮೂರು ತಿಂಗಳಿಂದ ಮಾತು ಬಿಟ್ಟ ಮೇಲೆ ಎರಡು ದೇಶಗಳ ನಡುವೆ ಓಡಾಡುವ ಅಧಿಕಾರ ಇರುವುದು ಅವರೊಬ್ಬರಿಗೇ. ಈ ಪತ್ರ ಮಾತ್ರ ಅವರಿಗೂ ತಿಳಿಸದೆ ಬರೆಯುತ್ತಿದ್ದೇನೆ.

ಜಗಳ ನಿನಗೆ ನೆನಪಿದೆ. ಆದರೂ ನಿವೃತ್ತ ಮೇಷ್ಟ್ರು ಪಾಠವನ್ನು ಮೊದಲಿಂದ ಹೇಳದೆ ಬಿಡುವುದಿಲ್ಲ. ನೀನು ಸಹಕಾರ ಇಲಾಖೆಯ ಅಧಿಕಾರಿಯಾಗಿ ನಮ್ಮ ಹಾಲಿನ ಡೇರಿಗೆ ಬಂದೆ. ಸರ್ಕಾರದ ಹೊಸ ಆರೋಗ್ಯ ವಿಮೆ, ಸಂಘದ ಸದಸ್ಯರು ವರ್ಷಕ್ಕೊಮ್ಮೆ ಸ್ವಲ್ಪ ಕಟ್ಟಿದರೆ ದೊಡ್ಡ ಆಸ್ಪತ್ರೆಯಲ್ಲಿ ಆಪರೇಷನ್ ಬಿಟ್ಟಿ, ಫಾರಂ ತುಂಬಿ ಎಂದೆ. ನಾನು ಸಾಲಿನಲ್ಲಿ ನನ್ನ ಬದಲು ಕ್ಯಾನು ನಿಲ್ಲಿಸಿ ಮುಂದೆ ಬಂದೆ. “ಕಾಯಿಲೆ ಬೀಳೋಕೂ ಸದಸ್ಯನಾಗಿರಬೇಕೇನಯ್ಯಾ? ಹಸು ಇಲ್ಲದವನಿಗೆ ಹೊಟ್ಟೆನೋವು ಬರೋದಿಲ್ವೇ? ಸರ್ಕಾರಿ ಆಸ್ಪತ್ರೆಗೆ ಡಾಕ್ಟರನ್ನ ಹಾಕಿ ಅಂದ್ರೆ ಕಾರ್ಡು ಹಂಚ್ತಾರಂತೆ!” ಚಪ್ಪಾಳೆ ಬಿತ್ತು. ಹಾಲು ಅಳೆಯುವ ಸಣ್ಣಯ್ಯ ಲೆಕ್ಕ ತಪ್ಪಿದ. ನೀನು, “ಅಪ್ಪಾ, ನಿಮ್ಮ ಸಿದ್ಧಾಂತ ಊರಿಗೆ ಬರೋವರೆಗೂ ಇವರು ನೋವು ತಡ್ಕೊಂಡಿರಬೇಕಾ?” ಎಂದು ಬೈಕು ಹತ್ತಿದೆ.

ಆಮೇಲಿನದು ನಿನಗೆ ಗೊತ್ತಿಲ್ಲ. ಹಾಲಿನ ಸಾಲಿನಲ್ಲಿ ದಿನವೂ ನನ್ನ ಹಿಂದೆ ನಿಲ್ಲುವ ಹನುಮಮ್ಮ ತನ್ನ ಫಾರಂ ತಂದು, “ಒಸಿ ತುಂಬ್ಕೊಡಿ ಮೇಷ್ಟ್ರೇ” ಎಂದಳು. ಊರಿನ ಅರ್ಜಿಗಳೆಲ್ಲ ನನ್ನ ಕೈಯಲ್ಲೇ ತಾನೇ ಜನ್ಮ ತಾಳುವುದು. ಫಾರಂ ತಿರುಗಿಸಿದರೆ ಹಿಂದಿನ ಪುಟ ಅಚ್ಚ ಬಿಳಿ. ಅಂಥ ಪುಟ ಕಂಡ ಮೇಲೆ ನಿನ್ನಪ್ಪ ಸುಮ್ಮನಿರುತ್ತಾನೆಯೇ? ಆರೋಗ್ಯ ಮಂತ್ರಿಗಳಿಗೆ ಅಲ್ಲೇ ಮನವಿ ಬರೆದೆ: ಕಾರ್ಡು ಬೇಡ, ಎಲ್ಲರಿಗೂ ಉಚಿತ ಚಿಕಿತ್ಸೆ ಕೊಡಿ. ಸಾಲಿನವರೆಲ್ಲ ಸಹಿ ಹಾಕಿದರು. ಮೊದಲ ಹೆಬ್ಬೆಟ್ಟು ಹನುಮಮ್ಮನದೇ. ರಿಜಿಸ್ಟರ್ಡ್ ಅಂಚೆಯಲ್ಲಿ ಬೆಂಗಳೂರಿಗೆ ಕಳಿಸಿದೆ. ಅದರ ಮುಂಬದಿಯಲ್ಲಿದ್ದ ವಿಮೆಯ ಫಾರಂ ಜೊತೆ ಅವಳ ಆಪರೇಷನ್ನೂ ಹೋಯಿತು ಎಂಬುದು ನನಗೆ ಹೊಳೆಯಲಿಲ್ಲ. ಅವಳು ಇನ್ನೊಂದು ಫಾರಂ ಕೇಳಲಿಲ್ಲ. ಕೇಳಿದವರಿಗೆ, “ಮೇಷ್ಟ್ರು ಬರ್ದವ್ರೆ, ಬುಡಿ” ಎಂದಳಂತೆ.

ಹೋದ ತಿಂಗಳು ಅವಳು ಡೇರಿಯ ಮೆಟ್ಟಿಲ ಮೇಲೆಯೇ ಹೊಟ್ಟೆ ಹಿಡಿದು ಕೂತುಬಿಟ್ಟಳು. ಪಿತ್ತಕೋಶದಲ್ಲಿ ಕಲ್ಲು, ತಡ ಮಾಡದೆ ಆಪರೇಷನ್ ಆಗಬೇಕು ಎಂದರು ಡಾಕ್ಟರು. ವಿಮೆಗೆ ಹೆಸರು ಕೊಡುವ ದಿನಾಂಕ ಮುಗಿದಿತ್ತು. ನಿನ್ನ ತಾಯಿ ಸಾರು ಬಡಿಸುತ್ತಾ, “ಫಾರಂ ತುಂಬ್ಸೋಕೆ ಬಂದವಳಿಗೆ ಭಾಷಣ ತುಂಬಿ ಕಳಿಸಿದ್ರಲ್ಲ” ಎಂದರು. ಅವತ್ತಿನಿಂದ ನನಗೆ ಸಾರು ಸೇರುತ್ತಿಲ್ಲ.

ನನ್ನ ವಾದ ತಪ್ಪೆಂದು ಈಗಲೂ ಒಪ್ಪುವುದಿಲ್ಲ ಕಣೋ. ಆದರೆ ವಾದ ಮಾಡುವಾಗ ನೋಯುತ್ತಿದ್ದದ್ದು ನನ್ನ ಹೊಟ್ಟೆಯಲ್ಲ. ತಡವಾಗಿ ಹೆಸರು ಸೇರಿಸಲು ದಾರಿಯಿದೆಯೇ, ಯಾರನ್ನಾದರೂ ಕೇಳು. ಬೇಕಾದರೆ ನಾನೇ ಬಂದು ನಿಮ್ಮ ಕಚೇರಿಯ ಮುಂದೆ ನಿಲ್ಲುತ್ತೇನೆ, ಬಾಯಿ ಮುಚ್ಚಿಕೊಂಡು.

ದೇವರು ನಿನಗೆ ಆರೋಗ್ಯ ಕೊಡಲಿ, ನನ್ನಷ್ಟು ಮಾತು ಕೊಡದಿರಲಿ. ಸೊಸೆಗೆ ಆಶೀರ್ವಾದ.

ನಿನ್ನ ಅಪ್ಪ,
ಸುಬ್ಬರಾಮಯ್ಯ

ಮರೆತಿದ್ದೆ ಎಂದರೆ ಸುಳ್ಳಾದೀತು, ಬರೆಯಲು ಹೆದರಿದೆ: ಮನವಿ ತಲುಪಿದೆ ಎಂದು ಬೆಂಗಳೂರಿನಿಂದ ಮೊಹರಿನ ಕಾಗದ ಬಂದಿದೆ. ತಲುಪಿದೆ, ಅಷ್ಟೇ. ಹನುಮಮ್ಮ ಅದನ್ನೇ ಆಪರೇಷನ್ನಿನ ಹುಕುಂ ಎಂದುಕೊಂಡಿದ್ದಾಳೆ. “ಸರ್ಕಾರದ್ ಸೀಲೈತೆ, ಇನ್ನೇನ್ ಬೇಕು? ನಿಮ್ ಪುಣ್ಯ ಮೇಷ್ಟ್ರೇ” ಎಂದು ಕೈಮುಗಿದಳು. ನಾನು ಹೌದೆಂಬಂತೆ ತಲೆಯಾಡಿಸಿಬಿಟ್ಟೆ. ಗುರುವಾರ ಮೊದಲ ಬಸ್ಸಿಗೆ ಬಟ್ಟೆ ಗಂಟು ಕಟ್ಟಿಕೊಂಡು ಆಸ್ಪತ್ರೆಗೆ ಹೊರಡುತ್ತಾಳೆ. ಬುಧವಾರದೊಳಗೆ ಬಾ. ಹೇಳಬೇಕಾದ್ದನ್ನು ಅವಳಿಗೆ ನಾನೇ ಹೇಳುತ್ತೇನೆ. ನೀನು ಪಕ್ಕದಲ್ಲಿ ನಿಂತಿರು. ಇಲ್ಲದಿದ್ದರೆ ಮತ್ತೆ ಭಾಷಣ ಮಾಡಿಬಿಟ್ಟೇನು.