ಗುಡ್ಡದ ತುದಿಯ ಸಾಲು

ಪ್ರೀತಿಯ ತಂಗಿಗೆ,

ಸಂಜೆ ಐದೂವರೆ. ಇಡೀ ದಿನ ಸ್ಮಶಾನದಲ್ಲೇ ಕಳೆಯಿತು. ನಿನ್ನ ಭಾವನ ಸಮಾಧಿಯ ಅಂಚಿಗೇ ಸಮುದ್ರ ಬಂದುಬಿಟ್ಟಿದೆ. ನನ್ನನ್ನು ಕರೆಸಿದ್ದು ಅದಕ್ಕೇ. ಕೆಳಗಿನ ಸಮಾಧಿಗಳಿಗೆಲ್ಲ ನಂಬರು ಹಾಕಿ ಗುಡ್ಡದ ಮೇಲಕ್ಕೆ ಸಾಗಿಸುತ್ತಿದ್ದಾರೆ.

“ಸಮುದ್ರ ಯಾಕೆ ಇಷ್ಟು ಮೇಲೆ ಬಂತು?” ಎಂದು ಅಗೆಯುವ ಮೇಸ್ತ್ರಿಯನ್ನು ಕೇಳಿದೆ.

“ಕಲ್ಲಿದ್ದಲು, ಎಣ್ಣೆ ಸುಟ್ಟ ಹೊಗೆ ಭೂಮಿಗೆ ಕಂಬಳಿ ಹೊದಿಸಿದ ಹಾಗಾಗಿದೆಯಮ್ಮ. ಹಿಮ ಕರಗ್ತಿದೆ, ಸಮುದ್ರದ ನೀರೂ ಕಾದು ಉಬ್ಬುತ್ತೆ. ನಿಮ್ಮ ಯಜಮಾನ್ರು ಏನು ಕೆಲಸ ಮಾಡ್ತಿದ್ರು?”

“ಇಲ್ಲೇ ಬಂದರಿನಲ್ಲಿ, ಬಾಯ್ಲರಿಗೆ ಕಲ್ಲಿದ್ದಲು ಹಾಕ್ತಿದ್ರು.”

“ಓಹೋ, ಹಾಗಾದ್ರೆ ಸಮುದ್ರ ವಿಳಾಸ ಹುಡುಕ್ಕೊಂಡೇ ಬಂದಿದೆ!” ಎಂದವನು ನಾಲಿಗೆ ಕಚ್ಚಿಕೊಂಡ. ನಿನ್ನ ಭಾವ ಹೋದ ಮೇಲೆ ನಾನು ನಕ್ಕಿದ್ದು ಇದೇ ಮೊದಲು.

ಗುಡ್ಡದಲ್ಲಿ ಹೊಸ ಜಾಗವನ್ನು ನಾನೇ ಆರಿಸಬೇಕಿತ್ತು. ನಡುವಿನ ಸಾಲಿನಲ್ಲಿ ಅವರ ಜೊತೆ ದುಡಿದವರಿದ್ದಾರೆ. ಆದರೆ ಅಲ್ಲಿಗೂ ಇಪ್ಪತ್ತು ವರ್ಷದಲ್ಲಿ ನೀರು ಬರುತ್ತದಂತೆ. ತುದಿಯ ಸಾಲಿನಲ್ಲಿ ಗುರುತಿನವರು ಯಾರೂ ಇಲ್ಲ. ಇನ್ನೊಮ್ಮೆ ಅವರನ್ನು ಎಬ್ಬಿಸುವುದು ಬೇಡವೆಂದು ತುದಿಯ ಸಾಲನ್ನೇ ಕೇಳಿದೆ.

ಮಂಡಿನೋವು ಕಡಿಮೆಯಾಗಿದೆ, ಊಟವೂ ಸೇರುತ್ತಿದೆ. ಕಾರ್ಡಿನಲ್ಲಿ ಜಾಗ ಮುಗಿಯಿತು. ನಾಳೆ ಬೆಳಿಗ್ಗೆ ಎಂಟಕ್ಕೆ ಅಗೆಯುತ್ತಾರೆ.

ನಿನ್ನ ಅಕ್ಕ