ಗಂಗವ್ವನ ಗಾಡಿಯ ಬಾಗಿಲು

ಗದಗ, ಹದಿನಾಲ್ಕನೇ ತಿಂಗಳ ಮೂವತ್ತಾರನೇ ದಿನ, ೨೨೦೮

ಗಿರಿಮಲ್ಲಪ್ಪ ಮುತ್ಯಾ ಅವರಿಗೆ ಶರಣು.

ನಾನು ನಿಮ್ಮ ಏಳನೇ ತಲೆಮಾರಿನ ಮೊಮ್ಮಗಳು ನೀಲವ್ವ. ತಾರೀಖು ವಿಚಿತ್ರವೆನಿಸಿದರೆ, ಮಾತು ಒರಟೆನಿಸಿದರೆ ಕ್ಷಮಿಸಿ. ತಿಂಗಳುಗಳೂ ಮಾತುಗಳೂ ನಮ್ಮ ಕಾಲಕ್ಕೆ ಬಹಳ ಬದಲಾಗಿವೆ. ಬದಲಾಗದ್ದು ಮನೆತನದ ಕಸುಬೊಂದೇ. ಕಾರಿನ ವೈರಿಂಗ್ ಬಗ್ಗೆ ನೀವು ಬರೆದಿಟ್ಟ ನೋಟ್‌ಬುಕ್ ಇಂದಿಗೂ ನನ್ನ ಅಂಗಡಿಯಲ್ಲಿದೆ.

ಇಲ್ಲಿ ಬೆಳಗಿನ ಹತ್ತರಿಂದ ಸಂಜೆ ಐದರವರೆಗೆ ಉರಿಜಾವ. ಆ ಹೊತ್ತಿನಲ್ಲಿ ಬಯಲಿಗೆ ಬಂದವರು ಬದುಕುವುದು ಕಷ್ಟ. ಓಡಾಡಲು ಒಬ್ಬರೇ ಕೂರುವ, ಒಂದೇ ಬಾಗಿಲಿನ ಒಂಟಿಗಾಡಿಗಳಿವೆ. ಯಾರೂ ಮರೆತು ಬಿಸಿಲಿಗೆ ಇಳಿಯಬಾರದೆಂದು ಬಾಗಿಲು ಮುಚ್ಚಿದೊಡನೆ ಸ್ಪ್ರಿಂಗಿನಿಂದ ತಾನಾಗಿ ಲಾಕ್ ಆಗುತ್ತದೆ, ನೆರಳುಮನೆಯೆಂಬ ಚಪ್ಪರದಡಿ ತಲುಪಿದಾಗ ಮೋಟಾರಿನಿಂದ ತಾನಾಗಿ ತೆರೆಯುತ್ತದೆ. ಒಳಗೆ ಹಿಡಿಕೆಯಿಲ್ಲ, ಗಾಜು ಒಡೆಯುವುದಿಲ್ಲ. ಇದನ್ನು ಸುರಕ್ಷತೆ ಎಂದು ಕರೆದವರ ಬುದ್ಧಿಗೆ ಏನೆನ್ನಲಿ!

ನನ್ನ ಅಕ್ಕ ಗಂಗವ್ವನ ಗಾಡಿಯ ಲಾಕ್ ಒಮ್ಮೊಮ್ಮೆ ಕೈಕೊಡುತ್ತಿತ್ತು. ನಾನು ಫ್ಯೂಸ್ ನೋಡಿದೆ, ಲಾಕಿನ ಮೋಟಾರ್ ಬದಲಿಸಿದೆ. ಬಾಗಿಲು ತೆರೆದಿಟ್ಟೇ ಹತ್ತು ಸಲ ಪರೀಕ್ಷಿಸಿದೆ. ಹತ್ತು ಸಲವೂ ಟಕ್ ಎಂದಿತು. ಮುಚ್ಚಿಕೊಂಡು ಒಳಗೆ ಕೂತು ನೋಡಲು ಸೆಕೆಯೆಂದು ಬೇಸರಪಟ್ಟು ಬಿಟ್ಟುಬಿಟ್ಟೆ. ಇನ್ನೊಂದು ದಿನ ಗಾಡಿ ನನ್ನ ಹತ್ತಿರವೇ ಇರಲಿ ಎಂದರೆ ಅಕ್ಕ ನಕ್ಕುಬಿಟ್ಟಳು.

"ನೀ ಮುಟ್ಟಿದ ಮ್ಯಾಲೆ ನನಗ್ಯಾತರ ಅಂಜಿಕಿ?" ಅಂದಳು.

ಮರುದಿನ ಅವಳು ಊರಾಚೆಯ ನೀರಿನ ಟ್ಯಾಂಕ್ ನೋಡಲು ಹೋದಳು. ಅಲ್ಲಿನ ನೆರಳುಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಗಾಡಿ ನಿಂತಿತು, ಒಳಗಿನ ತಂಪುಗಾಳಿಯೂ ನಿಂತಿತು. ಬಾಗಿಲು ಮಾತ್ರ ತೆರೆಯಲಿಲ್ಲ. ಸಂಜೆ ಹುಡುಕಿಕೊಂಡು ಹೋದವರು ಅವಳ ಹೆಣ ತಂದರು.

ಬಾಗಿಲಿನ ಕೀಲಿನ ಬಳಿ ವೈರುಗಳು ಹಾಯುವ ರಬ್ಬರ್ ಕೊಳವೆಯನ್ನು ಆಮೇಲೆ ಬಿಚ್ಚಿದೆ. ಬಾಗಿಲು ತೆಗೆದು ಹಾಕಿ ಮಾಡುವಾಗ ಮಡಚಿ ಮಡಚಿ ಒಂದು ವೈರು ಒಳಗೇ ತುಂಡಾಗಿತ್ತು. ಬಾಗಿಲು ತೆರೆದಿದ್ದರೆ ತುದಿಗಳು ತಾಗುತ್ತಿದ್ದವು, ಮುಚ್ಚಿದರೆ ಒಮ್ಮೊಮ್ಮೆ ಬಿಡುತ್ತಿದ್ದವು. ಮೋಟಾರಿನ ತಪ್ಪೇನೂ ಇರಲಿಲ್ಲ. ತಪ್ಪು ನನ್ನದು, ಮುತ್ಯಾ.

ಅಕ್ಕನ ಮಣ್ಣು ಮುಗಿದ ಮೇಲೆ ನಿಮ್ಮ ನೋಟ್‌ಬುಕ್ಕನ್ನು ಪೂರ್ತಿ ಓದಿದೆ. ಮೋಟಾರಿನ ಪುಟ ಸಿಕ್ಕೊಡನೆ ನಾನು ಎಂದೂ ಮುಂದೆ ತಿರುವಿದವಳಲ್ಲ. ಕೊನೆಯ ಪುಟದಲ್ಲಿ ನಿಮ್ಮ ಸಣ್ಣ ಅಕ್ಷರವಿತ್ತು: "ಲಾಕ್ ರಿಪೇರಿಯಾದ ಮೇಲೆ ಬಾಗಿಲು ಮುಚ್ಚಿ, ಒಳಗೆ ಕೂತು ನೋಡು."

ಈ ಪತ್ರ ನಿಮ್ಮ ಕೈಸೇರಿದರೆ ಒಂದೇ ಬೇಡಿಕೆ. ನೀವು ಖಾಲಿ ಬಿಟ್ಟಿರುವ ಮೊದಲ ಪುಟದಲ್ಲಿ ಆ ಸಾಲನ್ನು ದಪ್ಪ ಅಕ್ಷರದಲ್ಲಿ ಬರೆಯಿರಿ. ನಾನು ಸೋಮಾರಿ, ಆದರೆ ಮೊದಲ ಪುಟವನ್ನಾದರೂ ಓದುತ್ತಿದ್ದೆ.

ಇದೇ ಪತ್ರವನ್ನು ಎಷ್ಟೋ ಸಲ ಬರೆದಿದ್ದೇನೆ; ದಿನಾ ಬೆಳಿಗ್ಗೆ ಅಂಗಡಿ ತೆರೆದೊಡನೆ ಆ ಮೊದಲ ಪುಟ ನೋಡುತ್ತೇನೆ. ಇವತ್ತೂ ಖಾಲಿಯೇ ಇದೆ.

ನಿಮ್ಮ
ನೀಲವ್ವ