ಮ್ಯಾಂಡೋಲಿನ್ನಿನ ಬೆನ್ನು

೧೬ ಜುಲೈ ೧೯೬೧, ಭಾನುವಾರ

ಮತ್ತೆ ಹರಿಹರ. ಮತ್ತೆ ಮನೆಗೆ ಹೋಗಲಿಲ್ಲ. ಸ್ಟೇಷನ್ನಿನಿಂದ ಎಡಕ್ಕೆ ತಿರುಗಿದರೆ ಅಪ್ಪಾಜಿಯ ಮನೆ, ಬಲಕ್ಕೆ ರೈಲ್ವೆ ಕ್ವಾರ್ಟರ್ಸ್. ಕಾಲು ತಾನಾಗಿ ಬಲಕ್ಕೆ ಹೋಗುತ್ತದೆ.

ಲಾಲ್ ಸಾಬರು ಪಾರ್ಸೆಲ್ ಆಫೀಸಿನ ಕ್ಲರ್ಕು. ರಜೆಯ ದಿನ ಮ್ಯಾಂಡೋಲಿನ್ ಮಾಡುವ ಹುಚ್ಚು. ಮಾರುವುದಕ್ಕಲ್ಲ, ಸುಮ್ಮನೆ. ಮೂರು ಮಾಡಿದ್ದಾರೆ, ಮೂರೂ ಸ್ವಲ್ಪ ಸೊಟ್ಟ. ಹಲಗೆಯನ್ನು ಉಬ್ಬಾಗಿ ಕೆತ್ತುವುದು ಬರುವುದಿಲ್ಲ, ಆದ್ದರಿಂದ ಎಲ್ಲವೂ ಚಪ್ಪಟೆ. "ಇವರಿಗೆ ಪೂರಿ ಮಾಡಾಕ ಬರಲ್ಲ ಬೇಟಾ, ಅದಕ್ಕೇ ಚಪಾತಿನೇ ಒಳ್ಳೇದು ಅಂತಾರೆ" — ಅವರ ಹೆಂಡತಿ ರಹಮತ್ ಬೀ.

ನಾಲ್ಕನೆಯದು ನನ್ನದು. ಒಡೆದ ಪ್ಯಾಕಿಂಗ್ ಕೇಸಿನ ದೇವದಾರು, ಹಳೇ ಮಂಚದ ಕಾಲಿನ ಸಾಗುವಾನಿ. ಇವತ್ತು ಪಕ್ಕದ ಪಟ್ಟಿ ಬಗ್ಗಿಸಿದೆವು. ಕಬ್ಬಿಣದ ಪೈಪಿಗೆ ಕೆಂಡ ತುಂಬಿ, ನೆನೆಸಿದ ಪಟ್ಟಿಯನ್ನು ಅದರ ಮೇಲೆ ಒತ್ತುವುದು. ಹೋದ ವಾರ ಪಟಕ್ಕೆಂದು ಮುರಿದಿತ್ತು. ಇವತ್ತು ಬಗ್ಗಿತು.

ನಾನು ಬರುತ್ತೇನೆಂದು ಕೆಂಡ ಮೊದಲೇ ಮಾಡಿಟ್ಟಿದ್ದರು. ನನಗಾಗಿ ಯಾರಾದರೂ ಏನಾದರೂ ಮೊದಲೇ ಮಾಡಿಟ್ಟದ್ದು... ಜ್ಞಾಪಕಕ್ಕೆ ಬರುತ್ತಿಲ್ಲ.

೧೮ ಜುಲೈ, ಮಂಗಳವಾರ

ಕೆಮಿಸ್ಟ್ರಿ ಪ್ರಾಕ್ಟಿಕಲ್. ಕೈ ಜಾರಿ ಬ್ಯುರೆಟ್ ಒಡೆದೆ. "ಸಾರಿ ಸರ್, ಎಕ್ಸ್‌ಟ್ರೀಮ್ಲೀ ಸಾರಿ" ಅಂದೆ. ಲ್ಯಾಬೆಲ್ಲ ನಕ್ಕಿತು. ನರ್ವಸ್ ಆದರೆ ಬಾಯಿಗೆ ಇಂಗ್ಲಿಷೇ ಬರುತ್ತದೆ. ಹಾಸ್ಟೆಲಿನಲ್ಲಿ ನನ್ನ ಹೆಸರು ಮೈಸೂರು ಸಾಹೇಬ. ಮುರುಗೇಂದ್ರ ಎಂದು ಕರೆಯುವವರು ಅಟೆಂಡೆನ್ಸ್ ತೆಗೆದುಕೊಳ್ಳುವವರು ಮಾತ್ರ.

ಅಮ್ಮ ತೀರಿಹೋದಾಗ ನನಗೆ ಎಂಟು ವರ್ಷ. ಆವತ್ತಿನಿಂದ ಮೈಸೂರಿನ ಹಾಸ್ಟೆಲು. ಈಗ ಕಾಲೇಜು ದಾವಣಗೆರೆಯಲ್ಲಿ, ಮನೆಯಿಂದ ಅರ್ಧ ಗಂಟೆಯ ರೈಲು. ಆದರೂ ಹಾಸ್ಟೆಲು. "ಅವನಿಗೆ ಅದೇ ರೂಢಿ" ಎಂದರು ಅಪ್ಪಾಜಿ. ಅಮ್ಮನ ನಂತರ ಅಪ್ಪಾಜಿ ಮದುವೆಯಾದ ಚಿಕ್ಕಮ್ಮ ಅಡುಗೆಮನೆಗೆ ಹೋದರು. ನಾನು ಟ್ರಂಕು ಎತ್ತಿಕೊಂಡೆ.

೩೦ ಜುಲೈ, ಭಾನುವಾರ

ಇನ್ನು ಬೆನ್ನಿನ ಹಲಗೆಯೊಂದನ್ನು ಅಂಟಿಸಿದರೆ ಮ್ಯಾಂಡೋಲಿನ್ನಿನ ಪೆಟ್ಟಿಗೆ ಮುಗಿಯಿತು. ಆದರೆ ಲಾಲ್ ಸಾಬರಿಗೆ ಬರುವ ಭಾನುವಾರ ಡ್ಯೂಟಿ. "ಹದಿಮೂರಕ್ಕ ಬಾ ತಮ್ಮಾ. ಅಂಟಿಸೋ ಕೆಲಸಕ್ಕ ಅವಸರ ಬ್ಯಾಡ."

ಉಜ್ಜಿ ನುಣುಪು ಮಾಡುತ್ತೇನೆಂದು ಕತ್ತು ಕೂಡಿಸಿದ ಪೆಟ್ಟಿಗೆ, ಬೆನ್ನಿನ ಹಲಗೆ ಎರಡನ್ನೂ ಕೇಳಿ ತಂದೆ. ಸರೇಸೂ ಕೇಳಿದೆ. ಒಣಗಿದ ಅಂಟು ಅದು, ಬೆಲ್ಲದ ಚೂರಿನ ಹಾಗಿರುತ್ತದೆ. ಬಿಸಿನೀರಿನಲ್ಲಿ ಕರಗಿಸಿ ಹಚ್ಚಬೇಕು. "ಅದು ನಿಮ್ಮ ಹಾಸ್ಟೆಲಿಗೆ ಬ್ಯಾಡ. ಅಲ್ಲಿಗೆ ಅದು ಆಗಲ್ಲ" ಎಂದರು.

ಅದರ ನಾತಕ್ಕೆ ಹಾಗಂದರೇನೋ. ಅವರು ಚಾಕ್ಕೆ ಎದ್ದಾಗ ಒಂದು ಚೂರು ಜೇಬಿಗೆ ಹಾಕಿಕೊಂಡೆ.

೨ ಆಗಸ್ಟ್, ಬುಧವಾರ

ಆಗಬಾರದ್ದು ಆಯಿತು.

ಬಚ್ಚಲ ಹಂಡೆಯ ಒಲೆ ಖಾಲಿ ಇತ್ತು. ಅಡುಗೆಮನೆಯ ಸಣ್ಣ ತಪ್ಪಲೆ ತಂದು ಸರೇಸು ಇಟ್ಟೆ. ಅಡುಗೆಯ ಕೆಂಚವೀರಪ್ಪ ಮೂಗು ಮುಚ್ಚಿಕೊಂಡು ಬಂದ.

"ಏನ್ರಿ ಇದು, ಸಾಹೇಬ್ರ?"

"ಸರೇಸು. ಮರಕ್ಕೆ."

"ಅದನ್ನ ಯಾತರಾಗ ಮಾಡ್ತಾರೆ ಗೊತ್ತೈತೇನ್ರಿ?"

"ನೋ... ಗೊತ್ತಿಲ್ಲ."

"ದನದ ಚರ್ಮ, ಎಲುಬು. ಕುದಿಸಿ ಕುದಿಸಿ. ನಿನ್ನೆ ಇದೇ ತಪ್ಪಲ್ಯಾಗ ಸ್ವಾಮಿಗೆ ಪಾಯಸ ಮಾಡೀನ್ರೀ ನಾನು."

ಕೊರಳಲ್ಲಿ ಲಿಂಗ. ಬೆರಳಲ್ಲಿ ಆ ಅಂಟು. ಹತ್ತು ವರ್ಷ ಇಂಗ್ಲಿಷ್ ಓದಿ ಇಷ್ಟು ಗೊತ್ತಿರಲಿಲ್ಲ. ತಪ್ಪಲೆ ತಿಪ್ಪೆಗೆ ಹೋಯಿತು. ವಾರ್ಡನ್ ಬೈಯಲಿಲ್ಲ. ಸ್ನಾನ ಮಾಡು, ವಿಭೂತಿ ಧರಿಸು, ಇನ್ನು ಆ ಪದಾರ್ಥ ಒಳಗೆ ಬರಕೂಡದು ಎಂದರು. ಊಟದ ಸಾಲಿನಲ್ಲಿ ನನ್ನ ಪಕ್ಕದವನು ಎಲೆಯನ್ನು ಸ್ವಲ್ಪ ಆಚೆಗೆ ಸರಿಸಿಕೊಂಡ. ಸ್ವಲ್ಪವೇ.

೫ ಆಗಸ್ಟ್, ಶನಿವಾರ

ಮೈದಾಹಿಟ್ಟು ಕಾಯಿಸಿ ಅಂಟು ಮಾಡಿದೆ. ಸಿನಿಮಾ ಪೋಸ್ಟರಿಗೆ ಹಚ್ಚುತ್ತಾರಲ್ಲ, ಅದು. ಶುದ್ಧವಾದದ್ದು. ಬೆನ್ನು ಕೂಡಿಸಿ, ಸೈಕಲ್ ಟ್ಯೂಬಿನ ಪಟ್ಟಿ ಬಿಗಿಯಾಗಿ ಸುತ್ತಿಟ್ಟೆ.

೧೩ ಆಗಸ್ಟ್, ಭಾನುವಾರ

ಹೋಗಲಿಲ್ಲ. ಹೇಗೆ ಹೋಗಲಿ? ಬ್ಯಾಡ ಅಂದರೆ ಯಾಕೆ ಬ್ಯಾಡ ಎಂದು ಲಾಲ್ ಸಾಬರು ಬಿಡಿಸಿ ಹೇಳಬಾರದಿತ್ತೆ? ಹೇಳಿದ್ದರು. ಅದಕ್ಕಿಂತ ಹೆಚ್ಚು ಹೇಗೆ ಹೇಳಿಯಾರು... ಅವರು, ನನ್ನ ಕೊರಳಿನ ಲಿಂಗ ನೋಡಿಕೊಂಡು.

ಇವತ್ತೂ ಕೆಂಡ ಮಾಡಿಟ್ಟಿರುತ್ತಾರೆ.

೨೦ ಆಗಸ್ಟ್

ತಂತಿ ಹಾಕಿದೆ. ಬಿರಡೆ ತಿರುಗಿಸಿ ಬಿಗಿ ಮಾಡಿದೆ. ಕತ್ತು ಮುಂದಕ್ಕೆ ಬಾಗಿತು, ಬೆನ್ನು ಬಾಯಿ ಬಿಟ್ಟಿತು. ಮೈದಾ ಸಿಪ್ಪೆಸಿಪ್ಪೆಯಾಗಿ ಉದುರಿತು.  ರೂಮಿನವರು ಏನೆಂದು ಕೇಳಲೂ ಇಲ್ಲ.

೩ ಸೆಪ್ಟೆಂಬರ್, ಭಾನುವಾರ. ಹರಿಹರ

ಹೋದೆ. ಬೆನ್ನು ಬಿಟ್ಟ ಪೆಟ್ಟಿಗೆ ಬಗಲಲ್ಲಿ. ಕ್ವಾರ್ಟರ್ಸಿನಲ್ಲಿ ಗಂಟುಮೂಟೆ. ಲಾಲ್ ಸಾಬರಿಗೆ ಬೀರೂರಿಗೆ ಟ್ರಾನ್ಸ್‌ಫರ್, ಹೋದ ಬುಧವಾರವೇ ಡ್ಯೂಟಿಗೆ ಹಾಜರಾದರಂತೆ. ರಹಮತ್ ಬೀ ನಾಳೆ ಸಾಮಾನಿನ ಜೊತೆ ಹೊರಡುತ್ತಾರೆ.

"ಬಾಗಿಲಾಗೇ ಕುಂತಿರ್ತಿದ್ರು ಬೇಟಾ, ಭಾನುವಾರ ಬಂದ್ರೆ. ಹುಡುಗನಿಗೆ ಜ್ವರಾನೋ ಏನೋ ಅಂತ."

"ಸರೇಸು ತಗೊಂಡು ಹೋಗಿದ್ದೆ. ಕೇಳದೇ."

"ಗೊತ್ತು. ಚೂರು ಎಣಿಸೋರಲ್ಲ ಅವ್ರು, ಆದ್ರೂ ಗೊತ್ತಾಯ್ತು." ಪೆಟ್ಟಿಗೆ ತಿರುಗಿಸಿ ನೋಡಿದರು. ಮೈದಾ ಕೆರೆದು ಮೂಸಿ ನಕ್ಕರು. "ಇದೇನು, ಹೋಳಿಗೆ ಮಾಡಾಕ ಹೊಂಟಿದ್ಯಾ?"

ಕಟ್ಟಿದ ಗಂಟು ಬಿಚ್ಚಿ ಸರೇಸು ತೆಗೆದರು. ಕಟ್ಟಿಟ್ಟಿದ್ದ ಪಾತ್ರೆಗಳಲ್ಲೊಂದನ್ನು ಹುಡುಕಿ ಅದರಲ್ಲಿ ಕಾಯಿಸಿದರು. "ಮುಟ್ಟಬ್ಯಾಡ, ನಾನು ಹಚ್ತೀನಿ. ನೀನು ಹಲಗೆ ಹಿಡಿ."

ನಾನೇ ಹಚ್ಚಿದೆ. ಟ್ಯೂಬು ಸುತ್ತಿದೆ. ನಾಳೆಯವರೆಗೆ ಹೆಚ್ಚು ಅಲುಗಿಸಬಾರದು. ರೈಲಿನಲ್ಲಿ ಒಯ್ಯುವಂತಿಲ್ಲ, ಹಾಸ್ಟೆಲಿಗೆ ಒಯ್ಯುವಂತಿಲ್ಲ. ಈ ಮನೆ ನಾಳೆ ಇರುವುದಿಲ್ಲ.

ಎಡಕ್ಕೆ ತಿರುಗಿದೆ.

ಚಿಕ್ಕಮ್ಮ ಬಾಗಿಲು ತೆಗೆದರು. ಅಪ್ಪಾಜಿ ಪಡಸಾಲೆಯ ಕುರ್ಚಿಯಲ್ಲಿದ್ದರು. ನಾಳೆ ಶ್ರಾವಣ ಸೋಮವಾರ. ಪೂಜೆಗೆ ನೆಲವೆಲ್ಲ ಸಾರಿಸಿಟ್ಟಿದ್ದರು. ಹೊಸ್ತಿಲ ಹೊರಗೇ ನಿಂತೆ. ಏನೂ ಹೇಳದೆ ಒಳಗೆ ಹೋಗಬಹುದಿತ್ತು.

"ಮ್ಯಾಂಡೋಲಿನ್ನು. ನಾನೇ ಮಾಡಿದ್ದು. ಅಂಟು ಹಸಿ ಐತೆ. ಚರ್ಮದ ಅಂಟು. ಒಳಗೆ ಬರೋದು ಬ್ಯಾಡ ಅಂದ್ರೆ..."

ಅಪ್ಪಾಜಿ ಪೇಪರು ಕೆಳಗಿಟ್ಟರು.  "ನಾಳೆ ಸ್ವಾಮಾರ..." ಎಂದರು.

"ನೀವು ಕುಂತಿರೋ ಕುರ್ಚಿ ಏನ್ ಅನ್ನದ ಗಂಜ್ಯಾಗ ಅಂಟಿಸಿದ್ದಾ?" ಎಂದರು ಚಿಕ್ಕಮ್ಮ. ಆಮೇಲೆ ನನಗೆ: "ಪೂಜೆ ಕಡೆ ಬ್ಯಾಡ. ಅಟ್ಟದ ಮ್ಯಾಲಿಡು. ಕೈ ತೊಳ್ಕೊಂಡು ಬಾ, ಎಲೆ ಹಾಕ್ತೀನಿ."

ಅಪ್ಪಾಜಿಯ ಪಕ್ಕ ಊಟಕ್ಕೆ ಕುಳಿತೆ. ಎಲೆಗಳು ಹಾಕಿದಲ್ಲೇ ಇದ್ದವು.

೪ ಸೆಪ್ಟೆಂಬರ್, ಸೋಮವಾರ. ಬೆಳಿಗ್ಗೆ

ಟ್ಯೂಬು ಬಿಚ್ಚಿದೆ. ಬೆನ್ನು ನಿಂತಿದೆ.

ತಂತಿ ಹಾಕಿದೆ. ಜೋಡಿ ಜೋಡಿ ತಂತಿ. ಜೋಡಿಯ ಎರಡೂ ಒಂದೇ ಸ್ವರಕ್ಕೆ ನಿಲ್ಲಬೇಕು. ನಿಲ್ಲಲಿಲ್ಲ. ಲಾಲ್ ಸಾಬರಾದರೆ ಕಣ್ಣು ಮುಚ್ಚಿ ತಿರುಗಿಸುತ್ತಿದ್ದರು. ಅವರಿಗಿದು ಕೇಳಿಸಬೇಕಿತ್ತು. ರಹಮತ್ ಬೀಯ ಗಾಡಿ ಈಗ ಹೊರಟಿರಬಹುದು. ಸೀಟಿ ಕೇಳಿತು.

ಅಡುಗೆಮನೆಯಿಂದ ಚಿಕ್ಕಮ್ಮ: "ಎರಡನೇದು ಕೆಳಗೈತೆ ಕಣಪ್ಪಾ."

ಅವರಿಗೆ ಸ್ವರ ತಿಳಿಯುತ್ತದೆಂದು ನನಗೆ ಗೊತ್ತಿರಲಿಲ್ಲ. ಏನು ಗೊತ್ತಿತ್ತು?

ಬಿಗಿ ಮಾಡಿದೆ.

"ಇನ್ನೊಂಚೂರು."

ಕೈ ಒರೆಸಿಕೊಂಡು ಬಂದು ಹೊಸ್ತಿಲ ಮೇಲೆ ಕುಳಿತಿದ್ದಾರೆ. "ಆಮ್ಯಾಲ ಬರಿಯೋವಂತೆ, ಮೊದ್ಲು ಅದನ್ನ ಸರಿ ಮಾಡು" ಎನ್ನುತ್ತಿದ್ದಾರೆ. ಹತ್ತು ಗಂಟೆಯ ರೈಲಿಗೆ ಇನ್ನೂ ಹೊತ್ತಿದೆ. ಪೆನ್ನು ಇಡುತ್ತೇನೆ.